ಹನ್ನೊಂದನೆಯ ಸುರುಳಿ

ಕಿವಿಯ ಮೇಲೆ ಕೂತ ಹೆಡ್‌ಫೋನಿನ ಕರಿಯ ಮೆತ್ತೆಗಳೊಳಗಿಂದ ಮೂವತ್ತು ವರ್ಷದ ಹಿಂದಿನ ತನ್ನದೇ ದನಿ ಎದ್ದು ಬಂದಾಗ ಶೀನಪ್ಪ ಕಣ್ಣು ಮುಚ್ಚಿಕೊಂಡ.

ಹೊಳೆಯು ತುಂಬಿತು ಕೋಟೆ ಬಿದ್ದಿತು
ಉಳಿದುದೊಂದೇ ಬಿದಿರ ಹರಿಗೋ
ಲಳುಕುತಿರ್ದುದು ದಡದ ಮರಳಲಿ ನೀರ ಕರೆ ಕೇಳಿ

ಆಗ ಎಂಥ ಕಂಠವಿತ್ತು! ಕೊನೆಯ ಅಕ್ಷರ ಇನ್ನೂ ಗಾಳಿಯಲ್ಲಿರುವಾಗಲೇ ಅರ್ಥ ಹೇಳುವ ಜಡೆಪ್ಪನ ಮಾತು ಶುರುವಾಯಿತು. "ಹರಿಗೋಲಿಗೇ ನೀರಿನ ಅಂಜಿಕಿ ಇದ್ದ ಮ್ಯಾಲ ನಮ್ಮೂರ ಗೌಡಗ ಇರೋದು ತಪ್ಪಲ್ಲ ಬಿಡ್ರಿ. ಹೋದ ಉಗಾದಿಗೆ ಮೈ ತೊಳಕೊಂಡಾವ, ಇನ್ನ ಬರೋ ಉಗಾದಿಗೇ." ಕೂತಿದ್ದ ಜನ ನಕ್ಕಿದ್ದು ಕೇಳಿಸಿತು. ನಗು ಅಡಗುವ ತನಕ ಕಾದು, ಜಡೆಪ್ಪ ದನಿ ಇಳಿಸಿ ಆ ಹರಿಗೋಲಿನ ಭಯವನ್ನು ಹೇಳತೊಡಗಿದ್ದ. ಜನ ಉಸಿರೂ ಬಿಡದೆ ಕೇಳುತ್ತಿದ್ದರು.

ಶೀನಪ್ಪನ ಮುಖದಲ್ಲಿ ನಗು ಮೂಡಿದ್ದನ್ನು ಎದುರಿಗೆ ಕೂತು ಕೇಳಿಸುತ್ತಿದ್ದ ಅರ್ಚಿತಾ ನೋಡಿದಳು. ಆದರೂ ಅವಳು ನಗಲಿಲ್ಲ.

ಪದ್ಯ ಮುಗಿದ ಮೇಲೂ ಟೇಪಿನ ಸುರುಳಿ ತಿರುಗುತ್ತಲೇ ಇತ್ತು. ಯಂತ್ರ ನಿಲ್ಲಿಸುವುದನ್ನು ಅಂದು ಯಾರೋ ಮರೆತಿದ್ದರು. ಜನ ಏಳುವ ಸದ್ದು, ಚೊಂಬಿನ ಸದ್ದು. ಆಮೇಲೆ ಅಂದು ಸಿನಿಮಾ ಮಾಡಲು ಬಂದಿದ್ದ ನಿರ್ದೇಶಕರ ದನಿ: "ಇಬ್ಬರೂ ಬೇಕು ಆಚಾರ್ಯರೇ. ಸಿನಿಮಾದ ಉದ್ದಕ್ಕೂ ನೀವು ಹಾಡಬೇಕು, ಅವರು ಅರ್ಥ ಹೇಳಬೇಕು." ಅದಕ್ಕೆ ಉತ್ತರವಾಗಿ ತನ್ನದೇ ದನಿ, ಹಾಡುವ ದನಿಯಲ್ಲ, ಮೆಲ್ಲಗೆ: "ಅರ್ಥ ಯಾಕ್ರೀ? ಅಂವ ಒಕ್ಕಲುತನದ ಮನುಷ್ಯಾ, ಹೊಲದ ಮಾತು. ಅದನ್ನ ತೆಗೀರಿ, ನನ್ನ ಪದ್ಯ ಇಟ್ಕೊಳ್ರಿ. ನೀವೇ ಬ್ಯಾಡ ಅಂದ್ರಿ ಅಂತ ಅವಗ ನಾ ಹೇಳ್ತೀನಿ."

ಶೀನಪ್ಪ ಮೆತ್ತೆಗಳನ್ನು ಕಿತ್ತು ಕೆಳಗಿಟ್ಟ. ಸಂಡೂರಿನ ಕಡೆಯಿಂದ ಅದಿರಿನ ಲಾರಿಗಳು ಒಂದರ ಬಾಲಕ್ಕೆ ಒಂದು ಕಟ್ಟಿದಂತೆ ಬರುತ್ತಿದ್ದವು. ಅವರು ಕೂತಿದ್ದ ಹನುಮಂತ ದೇವರ ಗುಡಿಯ ಕಟ್ಟೆ ಅದುರುತ್ತಿತ್ತು. ಬೆಳಿಗ್ಗೆ ಹೆಂಡತಿ ಗೋದಾಬಾಯಿ ತೊಳೆದ ಕಲ್ಲಿನ ಮೇಲೆ ಆಗಲೇ ಕೆಂಪು ಪುಡಿ ಕೂತಿತ್ತು.

ಅಂದಿನ ನಿರ್ದೇಶಕರಿಗೆ ಹರಿಗೋಲ ಕಾವ್ಯದ ಹುಚ್ಚು. ಕಂಪ್ಲಿಯ ಕೋಟೆ ಬಿದ್ದ ರಾತ್ರಿ ರಾಣಿಯನ್ನು ಹೊಳೆ ದಾಟಿಸಿ, ತಿರುಗಿ ಬರುವಾಗ ಮುಳುಗಿಹೋದ ಅಂಬಿಗನ ಕಥೆ. ಅದನ್ನು ಪೂರ್ತಿ ಸಿನಿಮಾ ಮಾಡುತ್ತೇನೆಂದು ಹೊಳೆಯಲ್ಲಿ ಇನ್ನೂರು ಹರಿಗೋಲು ಬಿಡಿಸಿ ನೋಡಿದ್ದರು, ಈ ಗುಡಿಯಲ್ಲಿ ಹನ್ನೊಂದು ಸುರುಳಿ ಧ್ವನಿ ತುಂಬಿಸಿದ್ದರು. ಮರುವರ್ಷ ಅವರೇ ತೀರಿಕೊಂಡರು. ಸಿನಿಮಾ ಆಗಲಿಲ್ಲ. ಆಗದೇ ಹೋದ ಆ ಸಿನಿಮಾದ ಮೇಲೆ ಸಾಕ್ಷ್ಯಚಿತ್ರ ಮಾಡಲು ಅರ್ಚಿತಾ ಕ್ಯಾಮೆರಾದ ಅಭಯನ ಜೊತೆ ಬೆಂಗಳೂರಿನಿಂದ ಬಂದಿದ್ದಳು. ಸುರುಳಿಗಳು ಅವಳಿಗೆ ನಿರ್ದೇಶಕರ ಮಗಳ ಮನೆಯ ಟ್ರಂಕಿನಲ್ಲಿ ಸಿಕ್ಕಿದ್ದವು. ಇವತ್ತು ಇಬ್ಬರನ್ನೂ ಮತ್ತೆ ಇದೇ ಕಟ್ಟೆಯ ಮೇಲೆ ಕೂರಿಸಿ ಚಿತ್ರಿಸುವುದಿತ್ತು.

"ಈ ಕಡೀದು ತಗೀಲಿಕ್ಕೆ ಬರ್ತದೇನು ತಂಗೀ?"

"ಬರುತ್ತೆ. ಅದಕ್ಕೇ ಜಡೆಪ್ಪನವರು ಬರೋ ಮುಂಚೆ ನಿಮಗೊಬ್ಬರಿಗೇ ಕೇಳಿಸಿದೆ. ನೀವು ಬೇಡ ಅಂದ್ರೆ ಯಾರಿಗೂ ಕೇಳಿಸಲ್ಲ."

"ತಗದುಬಿಡ್ರಿ."

ಅವಳು ತಲೆಯಾಡಿಸಿದಳು. ಇಷ್ಟು ಸಲೀಸಾಗಿ ಆಗಿಹೋಯಿತಲ್ಲ ಎಂದು ಶೀನಪ್ಪನಿಗೆ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಅಂದೂ ಇಷ್ಟೇ ಸಲೀಸಾಗಿ ಆಗಿತ್ತು. "ಸಿನಿಮಾದಾಗ ಚಿತ್ರಾನೇ ಅರ್ಥ ಹೇಳ್ತದಂತೋ ಜಡೆಪ್ಪಾ, ನೀ ಬ್ಯಾಡಂತ" ಎಂದಿದ್ದ. ಜಡೆಪ್ಪ "ಹೋಗ್ಲಿ ಬಿಡಲೇ, ಟಾಕೀಸಿನ್ಯಾಗ ನನ್ನ ಮಾರಿ ನೋಡಿ ಬಸುರೇರು ಅಂಜಿದ್ರ ಯಾರು ಹೊಣಿ?" ಎಂದು ನಕ್ಕಿದ್ದ. ಆ ನಂತರವೂ ಪ್ರತಿ ಶ್ರಾವಣ ತನ್ನೂರು ಮೆಟ್ರಿಯಿಂದ ಬಂದು, ಇದೇ ಕಟ್ಟೆಯ ಮೇಲೆ ಬಲಗಡೆ ಕೂತು, ತಿಂಗಳಿಡೀ ಅರ್ಥ ಹೇಳಿ ಹೋಗುತ್ತಿದ್ದ. ಮೂವತ್ತು ಶ್ರಾವಣ.

ಟಂಟಂ ಆಟೋ ಗುಡಿಯ ಮುಂದೆ ನಿಂತಿತು. ಮೊದಲು ಕೆಮ್ಮು ಇಳಿಯಿತು, ಆಮೇಲೆ ಜಡೆಪ್ಪ.

"ಲೇ ಶೀನಾ, ಇದ್ದೀಯೇನಲೇ ಇನ್ನಾ?"

"ಬಾರೋ. ಹುಷಾರು, ಮೆಟ್ಲ ಅದ."

ಹೊಲ ಮಕ್ಕಳ ಕೈಗೆ ಕೊಟ್ಟ ಮೇಲೆ ಜಡೆಪ್ಪ ಮರಿಯಮ್ಮನಹಳ್ಳಿ ಹತ್ತಿರ ಅದಿರು ರಾಶಿ ಹಾಕುವ ಅಂಗಳದ ಗೇಟಿನಲ್ಲಿ ನಾಲ್ಕು ವರ್ಷ ಕಾವಲು ಕೂತಿದ್ದ. ಅಲ್ಲಿನ ಧೂಳಿಗೆ ಎದೆ ಹಿಡಿಯಿತು. ಈಗ ಅಂಗಿಯ ಕಿಸೆಯಲ್ಲಿ ಸೇದುವ ಔಷಧಿ. ನಾಲ್ಕು ಮೆಟ್ಟಿಲು ಹತ್ತಲು ಎರಡು ಸಲ ನಿಂತ.

ಗೋದಾಬಾಯಿ ನೀರು ತಂದಳು. "ಎಷ್ಟು ಸೊರಗೀರಿ ಜಡೆಪ್ಪನವರ! ಡಾಕ್ಟರು ಏನಂದ್ರು?"

"ಮಾತಾಡಬ್ಯಾಡ ಅಂದಾನ್ರೀ ಬಾಯಾರ. ಮಾತಾಡದ ಕುಂದ್ರಾಕ ನಾ ಏನು ನಿಮ್ಮ ಗುಡಿ ಹನುಮಪ್ಪ ಏನು? ಅವಗಾದ್ರ ದಿನಾ ವಡಿ ಹಾರ ಹಾಕ್ತೀರಿ."

"ನಿಮಗೂ ಹಾಕ್ತೀನಿ, ಬಾಯಿ ಮುಚ್ಚರಿ ಮೊದಲು" ಎಂದು ಅವಳು ನಗುತ್ತ ಒಳಗೆ ಹೋದಳು.

ಜಡೆಪ್ಪನ ಕಣ್ಣು ಕಲ್ಲಿನ ಮೇಲಿದ್ದ ಮೆತ್ತೆಗಳ ಮೇಲೆ ಬಿತ್ತು. "ಅದರಾಗ ನಂದೂ ಐತಂತಲ್ಲವ್ವ ತಂಗೀ? ಸಾಯೋದ್ರಾಗ ಒಮ್ಮಿ ಕೇಳಸು."

ಅರ್ಚಿತಾ ಶೀನಪ್ಪನತ್ತ ನೋಡಿದಳು. ಮೆತ್ತೆಗಳನ್ನು ಜಡೆಪ್ಪನ ಕಿವಿಗೆ ಇಟ್ಟು, ಲ್ಯಾಪ್‌ಟಾಪಿನ ಮೇಲೆ ಬೆರಳಿಟ್ಟುಕೊಂಡು ಮೆಲ್ಲಗೆ ಅಂದಳು: "ಪದ್ಯ ಮುಗಿದ ತಕ್ಷಣ ನಿಲ್ಲಿಸ್ತೀನಿ."

ಹೊರಗೆ ಏನೂ ಕೇಳುತ್ತಿರಲಿಲ್ಲ. ಪರದೆಯ ಮೇಲೆ ಹಸಿರು ಗೆರೆ ಏರಿಳಿಯುವುದು, ಜಡೆಪ್ಪನ ಮುಖ, ಇಷ್ಟೇ. ಅವನ ತಲೆ ಪದ್ಯದ ಲಯಕ್ಕೆ ತೂಗಿತು. ಗೌಡನ ಮಾತು ಬಂದಿರಬೇಕು, ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಕೆಮ್ಮಾಯಿತು, ಕಣ್ಣಲ್ಲಿ ನೀರು ಬಂತು. ಕಿವಿ ಮುಚ್ಚಿದ್ದರಿಂದ ಊರಿಗೆಲ್ಲ ಕೇಳುವಂತೆ ಕೂಗಿದ: "ಲೇ ಶೀನಾ, ಹೆಂಗ ಕೂಡಿತ್ತು ನೋಡಲೇ ನಮ್ಮಿಬ್ಬರದು! ನನ್ನ ಬ್ಯಾಡಂದ ಆ ಡೈರೆಕ್ಟರ್ ಸತ್ತು ಸ್ವರ್ಗದಾಗಿದ್ರೂ ಅವಗ ಕಿವಿ ಇರಲಿಲ್ಲ ಬಿಡು!"

ಹಸಿರು ಗೆರೆ ಸಣ್ಣದಾಯಿತು. ಅರ್ಚಿತಾಳ ಬೆರಳು ಬಾಗಿತು.

"ಬ್ಯಾಡ" ಎಂದ ಶೀನಪ್ಪ. "ನಿಲ್ಲಿಸಬ್ಯಾಡ್ರಿ. ಪೂರಾ ಕೇಳಲಿ."

"ಅಜ್ಜಾ..."

"ನನ್ನ ತಪ್ಪು ಸತ್ತವರ ಮ್ಯಾಲೆ ಹಾಕಿ ಮೂವತ್ತು ವರ್ಷ ಆತು ತಂಗೀ. ಬಿಡ್ರಿ."

ಬೆರಳು ಹಿಂದೆ ಸರಿಯಿತು. ಜಡೆಪ್ಪನ ತುಟಿಯ ಮೇಲಿನ ನಗು ಅಲ್ಲೇ ಇತ್ತು. ಏನೋ ಸರಿಯಾಗಿ ಕೇಳದವನಂತೆ ಅಂಗೈಯಿಂದ ಒಂದು ಮೆತ್ತೆಯನ್ನು ಕಿವಿಗೆ ಒತ್ತಿಕೊಂಡ. ಹುಬ್ಬು ಕೂಡಿತು. ಆಮೇಲೆ ಒತ್ತಿಕೊಂಡ ಕೈ ಸಡಿಲಾಗಿ ತೊಡೆಯ ಮೇಲೆ ಬಂದು ಬಿತ್ತು. ಗೆರೆ ನೆಟ್ಟಗಾದ ಮೇಲೂ ಅವನು ಕೇಳುತ್ತಲೇ ಕೂತಿದ್ದ.

ಕೊನೆಗೆ ಮೆತ್ತೆಗಳನ್ನು ತೆಗೆದು, ತಂತಿಯನ್ನು ಅಂಗೈಗೆ ಅಚ್ಚುಕಟ್ಟಾಗಿ ಸುತ್ತಿ ಅರ್ಚಿತಾಳ ಕೈಗೆ ಕೊಟ್ಟ.

"ಭಾಳ ಸ್ವಚ್ಛ ಬಂದೈತವ್ವ ದನಿ."

"ಜಡೆಪ್ಪಾ" ಎಂದ ಶೀನಪ್ಪ. "ನಾ... ಆಗ ನನಗ..."

"ಕುಂದ್ರಿ ಆಚಾರ್ರೇ. ಕ್ಯಾಮೆರಾದವರು ಕಾಯಾಕತ್ತಾರ."

ಅಭಯ ಇಬ್ಬರ ಅಂಗಿಗೂ ಸಣ್ಣ ಮೈಕು ಸಿಕ್ಕಿಸಿದ. ಜಡೆಪ್ಪ ಬೇಡವೆನ್ನಲಿಲ್ಲ. ಎದ್ದು ಊರಿಗೆ ಹೋಗಲೂ ಇಲ್ಲ. ತನ್ನ ಜಾಗಕ್ಕೆ, ಬಲಗಡೆಗೆ ಹೋಗದೆ, ಕಟ್ಟೆಯ ಕೆಳಗೆ, ಕೇಳಲು ಬರುವ ಊರ ಜನ ಕೂರುವಲ್ಲಿ ಹೋಗಿ ಕೂತ. ಅರ್ಚಿತಾ ಕೇಳಿದಳು: "ಅಜ್ಜಾ, ನೀವು ಅರ್ಥ ಹೇಳಬೇಕಲ್ಲ?"

"ಡಾಕ್ಟರ್ ಮಾತಾಡಬ್ಯಾಡ ಅಂದಾರವ್ವ."

ಲಾರಿಗಳ ನಡುವೆ ಒಂದಿಷ್ಟು ಬಿಡುವು ಸಿಕ್ಕಾಗ ಅಭಯ ಕೈ ಎತ್ತಿದ. ಶೀನಪ್ಪ ದೇವರಿಗೆ ಕೈ ಮುಗಿದು ಹಾಡಿದ. ದನಿಗೆ ವಯಸ್ಸಾಗಿತ್ತು, ಆದರೂ ಪದ್ಯ ತಪ್ಪಲಿಲ್ಲ. ಹೊಳೆ ತುಂಬಿತು, ಕೋಟೆ ಬಿತ್ತು, ಹರಿಗೋಲು ಮರಳಿನ ಮೇಲೆ ಉಳಿಯಿತು. ಕೊನೆಯ ಅಕ್ಷರ ಎಳೆದು ನಿಲ್ಲಿಸಿ, ಬಲಕ್ಕೆ ನೋಡಿದ. ಖಾಲಿ ಕಲ್ಲು. ಮುಂದಿನ ಪದ್ಯ ನಾಲಿಗೆಯ ತುದಿಯಲ್ಲಿತ್ತು, ಆದರೆ ಎತ್ತಲಿಲ್ಲ. ಅರ್ಥ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟೂ ಹೊತ್ತು ಸುಮ್ಮನೆ ಕೂತ. ಜನ ನಗಲು ಬೇಕಾದ ಹೊತ್ತು, ನಗು ಅಡಗಲು ಬೇಕಾದ ಹೊತ್ತು. ಲಾರಿಗಳು ಮತ್ತೆ ಬಂದವು.

ಅಭಯ ನಿಲ್ಲಿಸಲೇ ಎಂದು ಕಣ್ಣಲ್ಲೇ ಕೇಳಿದ. ಅರ್ಚಿತಾ ಬೇಡವೆಂದು ತಲೆಯಾಡಿಸಿದಳು.

ಶೀನಪ್ಪ ಎರಡನೆಯ ಪದ್ಯ ಹಾಡಿದ. ಮತ್ತೆ ಸುಮ್ಮನೆ ಕೂತ. ಕಟ್ಟೆಯ ಕೆಳಗೆ ಜಡೆಪ್ಪ ಕೈ ಕಟ್ಟಿಕೊಂಡು ನೆಲ ನೋಡುತ್ತಿದ್ದ. ಅಂಗಿಯ ಮೈಕಿನಲ್ಲಿ ಅವನ ಉಸಿರು ಸುಂಯ್ಗುಡುತ್ತ ಒಳಗೆ ಹೋಗಿ ಹೊರಗೆ ಬರುವುದು ಮೆತ್ತೆ ಹಾಕಿಕೊಂಡಿದ್ದ ಅಭಯನ ಕಿವಿಗೆ ಮಾತ್ರ ಕೇಳುತ್ತಿತ್ತು.