ಭಗವಂತನ ಅರ್ಧ ಕಾಡು

೧

ಎಲ್ಲಿಂದ ಶುರು ಮಾಡಲಿ?

ಬರೆ ಹಾಕಿದ ದಿನದಿಂದ ಶುರು ಮಾಡಿದ್ದೆ. ಏಳು ವರ್ಷದ ಹುಡುಗ, ಒಲೆಯಲ್ಲಿ ಕೆಂಪಗೆ ಕಾದ ಕುಡಗೋಲಿನ ತುದಿ, ಕೈಕಾಲು ಒತ್ತಿ ಹಿಡಿದ ಓಣಿಯ ಗಂಡಸರು. ಓದಿ ನೋಡಿದೆ. ಚೆನ್ನಾಗಿ ಬಂದಿತ್ತು. ತಕರಾರು ಅದೇ. ಮೊದಲ ಪುಟದಲ್ಲೇ ನಿಮ್ಮ ಕಣ್ಣೀರು ತೆಗೆಸಿದರೆ ಮುಂದೆ ನಾನೇನು ಮಾಡಲಿ? ಹರಿದು ಹಾಕಿದೆ. (ಬರೆ ಮಾತ್ರ ಅವನ ಕತ್ತಿನ ಹಿಂದೆ ಹಾಗೇ ಉಳಿಯಿತು. ನಾನು ಹರಿದರೆ ಅದು ಹೋಗುವುದಿಲ್ಲ.)

ಎರಡನೆಯ ಡ್ರಾಫ್ಟು ಕಾಯಿಲೆಯ ಹೆಸರಿನಿಂದ ಶುರುವಾಗುತ್ತಿತ್ತು. ಟುರೆಟ್ ಸಿಂಡ್ರೋಮ್. ಕತ್ತು ತಾನಾಗಿ ಎಗರುವುದು, ಬೇಡವೆಂದರೂ ಗಂಟಲಿನಿಂದ ಕೂಗು ಹೊರಡುವುದು, ಎದುರಿನವರ ಮಾತಿನ ಕೊನೆಯ ಪದವನ್ನು ಬಾಯಿ ತಾನೇ ಹಿಡಿದು ಮತ್ತೆ ಮತ್ತೆ ಹೇಳುವುದು. ಆದರೆ ಆ ಹೆಸರು ಆಗಿನ್ನೂ ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಇಳಿದಿರಲಿಲ್ಲ. ಹೆಸರು ಗೊತ್ತಿಲ್ಲದ ಜನ ತಮಗೆ ಗೊತ್ತಿದ್ದ ಹೆಸರು ಇಟ್ಟರು: ಗಾಳಿ, ಸೊಕ್ಕು, ಅಣಕ.

ಇರಲಿ, ನೆಟ್ಟಗೆ ಹೇಳಿಬಿಡುತ್ತೇನೆ. ಅವನ ಹೆಸರು ಭಗವಂತ. ಸೇಡಂನವನು. ತಂದೆ ಇರಲಿಲ್ಲ. ತಾಯಿ ಚಂದಮ್ಮ ಮಂದಿಯ ಹೊಲಗಳಲ್ಲಿ ಕಳೆ ತೆಗೆದು ಸಾಕಿದಳು. ಸಾಲೆಯಲ್ಲಿ ಗುರುಲಿಂಗಪ್ಪ ಮಾಸ್ತರರು ಎದ್ದು ನಿಲ್ಲಿಸಿ, "ನಮ್ಮ ರಾಜ್ಯದ ರಾಜಧಾನಿ ಯಾವುದು?" ಎಂದು ಕೇಳಿದರು.

"ಯಾವುದು? ಯಾವುದು?" ಎಂದಿತು ಭಗವಂತನ ಬಾಯಿ.

ಉತ್ತರ ಅವನಿಗೆ ಗೊತ್ತಿತ್ತು. ಛಡಿ ಏಟು ಮುಗಿಯುವವರೆಗೂ ಅದನ್ನು ಹೇಳಲು ಬಾಯಿ ಬಿಡಲಿಲ್ಲ. ಅಲ್ಲಿಗೆ ಸಾಲೆ ಮುಗಿಯಿತು.

೨

ಇಲ್ಲಿ ಒಬ್ಬ ಒಳ್ಳೆಯವನು ಬರುತ್ತಾನೆ. ಬಹಳ ಹೊತ್ತು ಇರುವುದಿಲ್ಲ, ಆಸೆ ಇಟ್ಟುಕೊಳ್ಳಬೇಡಿ.

ಶಹಾಬಾದ್ ಸ್ಟೇಷನ್ ರಸ್ತೆಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಖಾಜಾಮಿಯಾ. ಚಂದಮ್ಮ ಮಗನನ್ನು ಕರೆದುಕೊಂಡು ಹೋಗಿ ಅವನ ಮುಂದೆ ನಿಲ್ಲಿಸಿದಳು. "ಡಬ್ಬಿ ತೊಳಿಯಾಕರ ಇಟ್ಕೋರಿ, ಸಾಹೇಬ್ರ."

"ಸಾಹೇಬ್ರ! ಸಾಹೇಬ್ರ!" ಎಂದ ಭಗವಂತ, ಕತ್ತು ಎಗರಿಸುತ್ತ.

ಖಾಜಾಮಿಯಾ ನಕ್ಕ. "ನನಗ ಯಾರೂ ಒಮ್ಮೆ ಸೈತ ಸಾಹೇಬ ಅನ್ನಂಗಿಲ್ಲ. ಇಂವ ಮ್ಯಾಲಿಂದ ಮ್ಯಾಲೆ ಅನ್ಲಿಕತ್ತಾನ. ಇರ್ಲಿ ಬಿಡವ್ವ."

ಡಬ್ಬಿ ತೊಳೆಯುವವನ ಕೈಗೆ ಒಂದು ದಿನ ಕುಂಚ ಬಂತು. ಆವತ್ತು ಇಬ್ಬರಿಗೂ ಒಂದು ಸಂಗತಿ ಗೊತ್ತಾಯಿತು. ಕುಂಚದ ತುದಿ ತಗಡಿಗೆ ತಾಗಿದ ಗಳಿಗೆ ಭಗವಂತನ ಮೈ ಸುಮ್ಮನಾಗುತ್ತಿತ್ತು. ಕತ್ತು ನಿಲ್ಲುತ್ತಿತ್ತು, ಗಂಟಲು ನಿಲ್ಲುತ್ತಿತ್ತು, ಗೆರೆ ಮುಗಿಯುವತನಕ ಒಳಗೆಲ್ಲ ನಿಂತ ನೀರು. ಕುಂಚ ಎತ್ತಿದರೆ ಎಲ್ಲವೂ ಬಡ್ಡಿ ಸಮೇತ ವಾಪಸು.

"ಬೇಟಾ, ನೀ ಬ್ರಷ್ ಹಿಡಿದ್ರ ನಿನ್ನೊಳಗಿನ ಶೈತಾನನೂ ಕುಂತು ಚಿತ್ರ ನೋಡ್ಲಿಕತ್ತಾನ" ಎಂದ ಖಾಜಾಮಿಯಾ.

ಅವರು ಕನ್ನಡ ಬರೆದರು, ಉರ್ದು ಬರೆದರು. ರಾಜ್ಯದ ಹೆಸರು ಬದಲಾದ ವರ್ಷ ಕಚೇರಿಗಳ ಬೋರ್ಡಿನ ಮೇಲೆ ಮೈಸೂರು ಅಳಿಸಿ ಕರ್ನಾಟಕ ಬರೆಯುತ್ತ ಚಿಂಚೋಳಿಯವರೆಗೂ ಹೋದರು. ಅಲ್ಲಿ ಭಗವಂತ ಮೊದಲ ಸಲ ಕಾಡು ನೋಡಿದ. ಸುಣ್ಣಕಲ್ಲಿನ ಧೂಳಿನಲ್ಲಿ ಬೆಳೆದ ಕಣ್ಣಿಗೆ ಅಷ್ಟು ಹಸಿರು ಒಂದೇ ಕಡೆ ಕಂಡದ್ದು ಆವತ್ತೇ. ಊಟಕ್ಕೆ ಕರೆದರೂ ಬರಲಿಲ್ಲ.

ಮರುವರ್ಷ ಖಾಜಾಮಿಯಾ ತೀರಿಕೊಂಡ. (ಹೇಳಿದ್ದೆನಲ್ಲ.)

೩

ವಾಡಿ ಜಂಕ್ಷನ್ನಿನ ಆಚೆ ಬಯಲಿನಲ್ಲಿ ದೇವಿಂದ್ರಪ್ಪನ ನಾಟಕ ಕಂಪನಿ ತಗಡಿನ ಥಿಯೇಟರು ಹಾಕಿತ್ತು. ಪರದೆ ಬರೆಯುವವನು ಬೇಕಾಗಿತ್ತು. ಭಗವಂತ ಹೋದ. ಅರಮನೆಯ ಪರದೆಯ ಹರಿದ ಮೂಲೆಯನ್ನು ಬರೆದು ತೋರಿಸಿದ. ದೇವಿಂದ್ರಪ್ಪನಿಗೆ ಕೆಲಸ ಹಿಡಿಸಿತು, ಕೂಗು ಹಿಡಿಸಲಿಲ್ಲ. ಒಂದು ಷರತ್ತು ಹಾಕಿದ: ಆಟ ನಡೆಯುವಾಗ ಭಗವಂತ ಥಿಯೇಟರಿನ ಹತ್ತಿರ ಇರಕೂಡದು, ಹಳಿ ದಾಟಿ ಆಚೆ ಹೋಗಿ ಕೂರಬೇಕು.

ಅವನಿಗೆ ಅದು ಕಷ್ಟವೆನಿಸಲಿಲ್ಲ. ಅವನಿಗೆ ಬೇಕಾಗಿದ್ದದ್ದು ಕಾಡು. ಕಂಪನಿಯ ಹಳೆಯ ಕಾಡಿನ ಪರದೆಯಲ್ಲಿ ತೆಂಗಿನಮರ, ಕೊಳ, ಎರಡು ಹಂಸ ಇದ್ದವು. ಹೊಸದನ್ನು ಬರೆಯಲು ಮಾಲಕ ಒಪ್ಪಿದ. ಭಗವಂತ ಚಿಂಚೋಳಿಯ ಸಾಗವಾನಿ, ಅದರ ಅಗಲ ಎಲೆ, ಕೆಂಪು ಮಣ್ಣು, ಒಣಹುಲ್ಲು ಎಲ್ಲವನ್ನೂ ಎಡಗಡೆಯಿಂದ ಬರೆಯುತ್ತ ಬಂದ. ಬೆಳಗಿನಿಂದ ಮಧ್ಯಾಹ್ನದವರೆಗೆ ಅವನ ಮೈ ಅವನದಾಗಿರುತ್ತಿತ್ತು.

ಅರ್ಧ ಮುಗಿದಿತ್ತು. ಒಂದು ರವಿವಾರ, ಮಧ್ಯಾಹ್ನದ ಆಟದ ನಡುವೆ ಪರದೆಯ ಹಗ್ಗ ಮೇಲಿನ ರಾಟೆಯ ಗಾಲಿಗೆ ಸಿಕ್ಕಿಕೊಂಡಿತು. ಬಿಡಿಸಲು ಬರುತ್ತಿದ್ದವನು ಅವನೊಬ್ಬನೇ. ಕರೆಸಿದರು. ಟವೆಲನ್ನು ಬಾಯಿಗೆ ತುರುಕಿಕೊಂಡು ಭಗವಂತ ಅಟ್ಟ ಹತ್ತಿದ. ಕೆಳಗೆ ಕಂಪನಿಯ ಮುಖ್ಯ ನಟಿ ಲಲಿತಾಬಾಯಿ ಸತ್ತ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅಳುತ್ತಿದ್ದಳು. ಸಿಮೆಂಟ್ ಫ್ಯಾಕ್ಟರಿಯ ಮಂದಿ ಮೂಗು ಒರೆಸಿಕೊಳ್ಳುತ್ತಿದ್ದರು.

"ಏಳೋ ನನ್ನ ಕಂದಾ!"

ಟವೆಲು ಬಿತ್ತು.

"ಕಂದಾ! ಕಂದಾ! ಕಂದಾ!" ಎಂದಿತು ಮೇಲಿನಿಂದ ಗಂಡು ದನಿ.

ಮೊದಲು ಒಬ್ಬ ನಕ್ಕ. ಆಮೇಲೆ ತಗಡೆಲ್ಲ ನಕ್ಕಿತು.

೪

ಲಲಿತಾಬಾಯಿ ಬಣ್ಣ ಸಹ ಒರೆಸಿಕೊಳ್ಳದೆ ಬಂದು ಅವನ ಕೆನ್ನೆಗೆ ಹೊಡೆದಳು. "ನನ್ನ ಅಳು ಮಣ್ಣಾಗ ಹಾಕಿದಿ" ಎಂದಳು. ಭಗವಂತ ಹೊಡೆತವನ್ನು ನ್ಯಾಯವೆಂದು ತಗೊಂಡ.

ಆದರೆ ಮರುದಿನ ಟಿಕೆಟ್ ಕಿಂಡಿಯಲ್ಲಿ ಮಂದಿ ಕೇಳಿದರು: "ಆ ಕಂದಾ ಅನ್ನಾಂವ ಇವತ್ತ ಅದಾನೇನ್ರಿ?"

ದೇವಿಂದ್ರಪ್ಪ ಅವನನ್ನು ಕರೆಸಿದ. "ನೋಡು ತಮ್ಮಾ, ನಡುವ ಒಂದು ಕಾಮಿಡಿ ಸೀನ್ ಇಡ್ತೀನಿ. ನೀ ಬಂದು ನಿಂತ್ರ ಸಾಕು."

"ನಾ ಒಲ್ಲೆರಿ. ನಾ ಪರದಿ ಬರಿಯಾಂವ."

"ಬರೀ. ಯಾರು ಬ್ಯಾಡ ಅಂದಾರ? ಸೀನ್ ಮಾಡಿದ್ರ ಕಾಡು ಮುಗಸ್ತಿ. ಇಲ್ಲಂದ್ರ ಮುಗಸಾಕ ಹುಮನಾಬಾದಿಂದ ಬ್ಯಾರೆಯವ್ನ ಕರಸ್ತೀನಿ."

(ಇಲ್ಲಿ ದೇವಿಂದ್ರಪ್ಪ ನನ್ನ ಮೇಲೆ ರೇಗಿದ. "ರೈಟರ್ ಸಾಹೇಬ್ರ, ನನ್ನ ರಾಕ್ಷಸ ಮಾಡಬ್ಯಾಡ್ರಿ. ಸಿನೆಮಾ ಬಂದು ನಾಟಕ ಸಾಯಾಕತ್ಯಾವ. ಕಂಪನಿ ಮಂದಿಗಿ ಎರಡು ಹೊತ್ತು ರೊಟ್ಟಿ ಹಾಕೋದು ನೀವೋ ನಾನೋ? ಮತ್ತ ನೀವ್ ಏನ್ ಮಾಡ್ಲಿಕತ್ತೀರಿ? ಅವನ ಕೂಗು ತೋರ್ಸಿ ನೀವೂ ಮಂದಿ ಕೂಡಿಸ್ಲಿಕತ್ತೀರಲ್ಲ?" ಉತ್ತರ ಹೊಳೆದರೆ ಇದೇ ಕಂಸದಲ್ಲಿ ತುಂಬುತ್ತೇನೆ.)

ಭಗವಂತ ಕಾಡಿನ ಆಸೆಗೆ ಒಪ್ಪಿದ.

ಮೊದಲ ದಿನ ನಡೆದದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ದೀಪದ ಬೆಳಕಿನಲ್ಲಿ, ಎಲ್ಲರೂ ಬಾಯಿ ತೆರೆದು ಕಾಯುತ್ತಿರುವಾಗ, ಭಗವಂತನ ಮೈ ಗಪ್ಪಾಯಿತು. ಕತ್ತು ಅಲುಗಲಿಲ್ಲ. ಬೇಡವೆಂದಾಗಲೆಲ್ಲ ಬಂದದ್ದು ಬೇಕೆಂದಾಗ ಬರಲಿಲ್ಲ. ಮಂದಿ ಸೀಟಿ ಹಾಕಿದರು. ಚಪ್ಪಲಿಯೊಂದು ಬಂದು ಬಿತ್ತು.

"ಮಾಡಲೇ! ನಿಂದೇ ಐತಲ್ಲ!" ಎಂದು ದೇವಿಂದ್ರಪ್ಪ ಪಕ್ಕದಿಂದ ಹಲ್ಲು ಕಡಿದ.

ಮಾಡಲು ಕಲಿಸಿದವಳು ಲಲಿತಾಬಾಯಿ. ಪಾಪ, ಸಿಟ್ಟು ಇಳಿದಿತ್ತು, ಅವನ ಅನ್ನ ಹೋದೀತೆಂದು ಮರುಕವಾಗಿತ್ತು. ಅವನನ್ನು ಅಷ್ಟು ದಿನ ನೋಡಿದವಳು ಅವನದನ್ನೇ ಅವನಿಗೆ ಪಾಠ ಹೇಳಿದಳು: "ಮೊದಲ ಕತ್ತು ಎಡಕ್ಕ. ಆಮ್ಯಾಲ ಕಣ್ಣು. ಆಮ್ಯಾಲ ಕೂಗು. ಅವಸರ ಮಾಡಬ್ಯಾಡ." ಭಗವಂತ ತನ್ನ ಮೈಯ ನಕಲು ಮಾಡಲು ಕಲಿತ. ಮಂದಿ ನಕ್ಕರು. ಆಟ ತುಂಬಿತು.

ನಕಲು ಅಸಲನ್ನು ಕರೆಯಿತು. ಮಾಡಿ ತೋರಿಸಿದ ಎಗರು ರಂಗ ಇಳಿದ ಮೇಲೂ ನಿಲ್ಲುತ್ತಿರಲಿಲ್ಲ. ಉಣ್ಣುವಾಗ ರೊಟ್ಟಿ ಕೈಯಿಂದ ಹಾರುತ್ತಿತ್ತು, ಮಲಗಿದರೆ ಭುಜ ನೆಲಕ್ಕೆ ಬಡಿಯುತ್ತಿತ್ತು. ಆದರೂ ಕುಂಚ ಇದೆಯಲ್ಲ ಎಂದುಕೊಂಡ. ಒಂದು ಮುಂಜಾನೆ ಸಾಗವಾನಿಯ ಎಲೆಗೆ ಕುಂಚ ತಾಗಿಸಿದ. ಮೈ ಸುಮ್ಮನಾಗುವುದನ್ನು ಕಾದ. ಆಗಲಿಲ್ಲ. ತೋಳು ತಾನೇ ಹಾರಿ ಆಕಾಶದ ಉದ್ದಕ್ಕೂ ಹಸಿರು ಬರೆ ಎಳೆಯಿತು.

ಒರೆಸಿ ಮತ್ತೆ ತಾಗಿಸಿದ. ಮತ್ತೆ ಹಾರಿತು. ಆ ದಿನದಿಂದ ಕಾಡು ಅಲ್ಲೇ ನಿಂತಿತು. ಎಡಕ್ಕೆ ಮರ, ಬಲಕ್ಕೆ ಬರೀ ಬಟ್ಟೆ.

೫

ಈ ಭಾಗವನ್ನು ಬರೆಯದೆ ತಪ್ಪಿಸಿಕೊಳ್ಳಲು ನೋಡಿದೆ. ರಾವೂರಿನ ಕಲ್ಲುಗಣಿಯ ಬಗ್ಗೆ ಒಂದು ಪುಟ ಬರೆದೆ. ಯಾಕೆಂದು ನನಗೇ ಗೊತ್ತಾಯಿತು, ತೆಗೆದುಹಾಕಿದೆ.

ಮಗ ಕಂಪನಿಯಲ್ಲಿ ಪಾರ್ಟು ಮಾಡುತ್ತಾನೆಂದು ಸೇಡಂನಲ್ಲಿ ಸುದ್ದಿಯಾಯಿತು. ಚಂದಮ್ಮ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಶೇಂಗಾ ಹೋಳಿಗೆ ಕಟ್ಟಿಕೊಂಡು, ಹೇಳದೆ ಕೇಳದೆ ಪ್ಯಾಸೆಂಜರ್ ಗಾಡಿ ಹತ್ತಿ ವಾಡಿಗೆ ಬಂದಳು. ಮಧ್ಯಾಹ್ನದ ಆಟಕ್ಕೆ ಹೆಂಗಸರ ನಡುವೆ ಚಾಪೆಯ ಮೇಲೆ ಕುಳಿತಳು. ಪಕ್ಕದವಳಿಗೆ, "ನನ ಮಗಾ ಬರ್ತಾನ, ನೋಡವ್ವ" ಎಂದಳು.

ಮಗ ಬಂದ. ತಲೆಗೆ ಕೋಡಂಗಿ ಟೊಪ್ಪಿಗೆ, ಮೂಗಿಗೆ ಕೆಂಪು. ಕತ್ತು ಎಗರಿತು, ಕಣ್ಣು ಹೊಡೆದುಕೊಂಡಿತು, ಕೂಗು ಹೊರಟಿತು. ಯಾವುದು ನಕಲು, ಯಾವುದು ಅಸಲು ಎಂದು ಥಿಯೇಟರಿನಲ್ಲಿ ಗೊತ್ತಾದದ್ದು ಅವಳೊಬ್ಬಳಿಗೆ. ಪಕ್ಕದವಳು ನಕ್ಕು ನಕ್ಕು ಅವಳ ತೊಡೆಯ ಮೇಲೆ ಬಿದ್ದಳು.

ಚಂದಮ್ಮ ಎದ್ದು ನಿಂತಳು. "ನಗಬ್ಯಾಡ್ರೋ!" ಎಂದು ಕಿರುಚಿದಳು. "ಅದು ಆಟ ಅಲ್ಲ! ನಗಬ್ಯಾಡ್ರೋ!"

ಭಗವಂತ ತಾಯಿಯ ದನಿ ಗುರುತಿಸಿದ. ಹಲ್ಲು ಕಚ್ಚಿದ. ಕೈಯಿಂದ ಬಾಯಿ ಮುಚ್ಚಿಕೊಂಡ. ಕೈ ಎಗರಿ ಪಕ್ಕಕ್ಕೆ ಹೋಯಿತು.

"ನಗಬ್ಯಾಡ್ರೋ! ನಗಬ್ಯಾಡ್ರೋ! ನಗಬ್ಯಾಡ್ರೋ!"

ಅಷ್ಟು ದೊಡ್ಡ ನಗೆ ಆ ಕಂಪನಿ ಎಂದೂ ಕಂಡಿರಲಿಲ್ಲವಂತೆ. ಮಂದಿ ಬೆಂಚಿನ ಮೇಲೆ ಹತ್ತಿದರು. ಮುದುಕಿಯೂ ಕಂಪನಿಯವಳೇ ಎಂದುಕೊಂಡರು. ತಾಯಿ ಕಿರುಚಿದಷ್ಟೂ ಮಗ ಮರಳಿ ಹೇಳಿದ. ಅವಳು ಸುಮ್ಮನಾದ ಮೇಲೂ ಅವನ ಬಾಯಿ ನಿಲ್ಲಲಿಲ್ಲ.

ರಂಗದ ಪಕ್ಕದಲ್ಲಿ ನಿಂತಿದ್ದ ಲಲಿತಾಬಾಯಿ ಕೈಗೆ ಸಿಕ್ಕ ಹಗ್ಗ ಬಿಟ್ಟಳು. ಮೇಲೆ ಸುತ್ತಿ ಕಟ್ಟಿದ್ದ ಅರ್ಧ ಬರೆದ ಕಾಡು ಅವನ ಮತ್ತು ಮಂದಿಯ ನಡುವೆ ಇಳಿಯಿತು.

ಒಳಗೆ ಬಂದ ಚಂದಮ್ಮನಿಗೆ ದೇವಿಂದ್ರಪ್ಪ ತಾನೇ ಸ್ಟೂಲು ಹಾಕಿದ. "ಕುಂದ್ರವ್ವಾ. ದೇವ್ರು ಕಳಿಸಿದಂಗ ಬಂದಿ. ದಿನಾ ಬಂದು ಅಲ್ಲೇ ಕುಂದ್ರು. ಇವತ್ತ ಅಂದದ್ದೇ ಅನ್ನು."

ಚಂದಮ್ಮ ಅವನ ಮುಖ ನೋಡಲಿಲ್ಲ. ಸೆರಗಿನಿಂದ ಮಗನ ಮೂಗಿನ ಬಣ್ಣ ಒರೆಸಿದಳು. ಟೊಪ್ಪಿಗೆ ತೆಗೆದು ನೆಲದ ಮೇಲಿಟ್ಟಳು. "ನಡಿ" ಎಂದಳು.

"ನಡಿ, ನಡಿ" ಎಂದ ಭಗವಂತ. ನಡೆದ.

೬

ವಾಡಿಯಿಂದ ಸೇಡಂಗೆ ಹೋಗುವ ಗಾಡಿಯಲ್ಲಿ ಕತೆಗೆ ಬಾಗಿಲು ಬಹಳ.

ಒಂದು ಅಂತ್ಯ: ಚಿತ್ತಾಪುರ ಬರುವಷ್ಟರಲ್ಲಿ ತಾಯಿಯ ತೊಡೆಯ ಮೇಲೆ ಮಲಗಿದ ಮಗನ ಮೈ ಸುಮ್ಮನಾಗುತ್ತದೆ. (ಬರೆದೆ. ನಾಚಿಕೆಯಾಯಿತು. ಹರಿದೆ.)

ಇನ್ನೊಂದು: ಭಗವಂತ ಬಾಗಿಲ ಬಳಿ ನಿಂತಿದ್ದಾನೆ, ಹಳಿ ಹಿಂದಕ್ಕೆ ಓಡುತ್ತಿವೆ, ಅವನು ಕಂಬಿ ಬಿಡುತ್ತಾನೆ. ಇದನ್ನು ಮುಗಿಸುತ್ತಿದ್ದಾಗ ಅವನೇ ತಿರುಗಿ ನೋಡಿದ.

"ನಂಗ್ಯಾಕ ಕೊಲ್ಲಾಕತ್ತೀರಿ?"

"ಕತೆಗೆ ಒಂದು ಕೊನೆ ಬೇಕಲ್ಲಪ್ಪ."

"ನಿಮ್ಮ ಕತಿಗಿ ಬೇಕು. ನಮ್ಮವ್ವ ಸೇಡಮ್ಮಿನಾಗ ಒಬ್ಬಾಕೇ ಇಳೀಬೇಕೇನು?"

ಅವನು ಒಳಗೆ ಹೋಗಿ ಕುಳಿತು ಹೋಳಿಗೆ ತಿಂದ. ಅರ್ಧ ಕೈಯಿಂದ ಹಾರಿತು.

ಹಾಗಾಗಿ ನಡೆದದ್ದಷ್ಟನ್ನೇ ಹೇಳುತ್ತೇನೆ. ಕಾಡಿನ ಪರದೆಯ ಉಳಿದರ್ಧವನ್ನು ಹುಮನಾಬಾದಿನವನು ಬರೆದ, ತೆಂಗಿನಮರ ಹಾಕಿದ. ಒಂದೇ ಪರದೆಯಲ್ಲಿ ಎರಡು ಸೀಮೆಯ ಕಾಡು. ಮಂದಿ ಏನೂ ಅನ್ನಲಿಲ್ಲ. ಭಗವಂತ ಸೇಡಂನಲ್ಲಿ ತಿಂಗಳುಗಟ್ಟಲೆ ಮನೆ ಬಿಟ್ಟು ಹೊರಗೆ ಬರಲಿಲ್ಲ. ಕೂಗಿ ಕೂಗಿ ದನಿ ಒಡೆದಿತ್ತು.

ಚಂದಮ್ಮ ಆ ಮಧ್ಯಾಹ್ನದ ನಂತರ ಮಾತಾಡುವ ರೀತಿಯನ್ನೇ ಬದಲಿಸಿದಳು. ಮಗನ ಬಾಯಿ ಕೊನೆಯ ಪದ ಹಿಡಿಯುತ್ತದಲ್ಲ ಎಂದು ಅವನ ಮುಂದೆ ಕೊನೆಯ ಪದವನ್ನೇ ಆಡದಾದಳು. "ರೊಟ್ಟಿ ಆರ್‍ತಾವ, ಬಂದು..." ಎನ್ನುವಳು. "ಹೊರಗ ಬಿಸಲೈತಿ, ನೆಳ್ಳಿಗಿ..." ಎನ್ನುವಳು. ಉಳಿದದ್ದನ್ನು ನುಂಗಿ ಮುಖ ನೋಡುವಳು. ಇದರಿಂದ ಉಪಯೋಗವಾಯಿತೆಂದರೆ ಸುಳ್ಳಾಗುತ್ತದೆ. ಅವನು ನಡುವಿನ ಪದವನ್ನು ಹಿಡಿದ. "ರೊಟ್ಟಿ! ರೊಟ್ಟಿ!" ಆದರೂ ಅವಳು ಬಿಡಲಿಲ್ಲ. ಓಣಿಯವರು ಅವಳಿಗೂ ಗಾಳಿ ಮೆಟ್ಟಿತೆಂದರು.

ಮುಂದೊಂದು ದಿನ ಸೈಕಲ್ ಅಂಗಡಿಯ ಅಬ್ದುಲ್ ಮಜೀದ ಮನೆಗೆ ಬಂದು ಒಂದು ತಗಡು ಗೋಡೆಗೆ ಒರಗಿಸಿದ. "ಖಾಜಾಮಿಯಾ ಕೈ ಕೆಳಗ ಇದ್ದಾಂವ ಅಂತ ಕೇಳೀನಿ. ಅಂಗಡಿ ಹೆಸರು ಬರೀ, ಸೊಟ್ಟ ಆದ್ರೂ ನಡೀತದ. ಅವಸರ ಇಲ್ಲ" ಎಂದು ಹೊರಟುಹೋದ. ತಗಡು ಅಂಗಳದಲ್ಲಿ ಬಿಸಿಲು ಕಾಯುತ್ತ ಕುಳಿತಿತ್ತು. ಭಗವಂತ ಅದರ ಸುತ್ತ ಸುಳಿದ. ಒಳಗೆ ಹೋದ, ಮತ್ತೆ ಬಂದ.

ಕೈ ನಿಂತಿತೇ ಎಂದು ನೀವು ಕೇಳುತ್ತೀರಿ. ಕೇಳಿ. ಚಂದಮ್ಮ ಬಾಗಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು, ನೋಡಿಯೂ ನೋಡದವಳ ಹಾಗೆ. ಅವನು ಬಣ್ಣ ಕಲಸಿದ. ತಗಡಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಕತ್ತು ಎಗರಿತು, ಇನ್ನೊಮ್ಮೆ ಎಗರಿತು. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಉಸಿರು ಒಳಗೆ ಎಳೆದು, ಕುಂಚದ ತುದಿಯನ್ನು ತಗಡಿಗೆ...