ಹೊಸ್ತಿಲಲ್ಲಿ ಕೂಗಿದ ಹೆಸರು

ಮಗು ಹುಟ್ಟಿ ಮೂರು ದಿನವಾಗಿತ್ತು. ಹಾಸಿಗೆ ಬಿಟ್ಟು ಏಳಬೇಡವೆಂದು ಸೂಲಗಿತ್ತಿ ಹೇಳಿಹೋಗಿದ್ದಳು, ನೋರೀನ್ ಮಲಗಿಯೇ ಇದ್ದಳು. ಅಡುಗೆಮನೆಯಲ್ಲಿ ಅತ್ತೆ ಹಾನಾ ತನ್ನ ಮಗಳು ಕಿಟ್ಟಿಗೆ ಹೇಳುತ್ತಿದ್ದ ಮಾತು ಗೋಡೆ ದಾಟಿ ಬಂತು.

"ಫಾದರ್‌ಗೆ ಹೇಳಾಗಿದೆ. ಹೆಸರು ಅಬಿಗೇಲ್ ಅಂತ. ಇವಳ ಮುಂದೆ ಬಾಯಿ ಬಿಡಬೇಡ."

"ಅತ್ತಿಗೆ ಸುಮ್ನಿರ್ತಾಳಾ ಅಮ್ಮ?"

"ಮಂಚದ ಮೇಲೆ ಕೂತು ಕಿರುಚ್ಕೊಳ್ಲಿ. ತಲೆ ಮೇಲೆ ನೀರು ಬಿದ್ಮೇಲೆ ಏನ್ ಕಿತ್ಕೊಳ್ತಾಳೆ?"

ಗಾಡಿಯ ಗಾಲಿ ಕಿರುಗುಟ್ಟಿತು. ಮಗುವನ್ನು ಚರ್ಚಿನಲ್ಲಿ ಹೆಸರಿಡುವ ಜ್ಞಾನಸ್ನಾನಕ್ಕೆ ಕರೆದೊಯ್ದರು. ಹೆತ್ತವಳನ್ನು ಕರೆಯಲಿಲ್ಲ, ಕರೆಯುವ ಪದ್ಧತಿಯೂ ಇರಲಿಲ್ಲ. ಹೆರಿಗೆಯಾದವಳು ಪಾದ್ರಿಯಿಂದ ಆಶೀರ್ವಾದ ಪಡೆಯುವವರೆಗೆ ಚರ್ಚಿನೊಳಗೆ ಕಾಲಿಡುವಂತಿಲ್ಲ. ಮಗುವನ್ನು ಎತ್ತಿಕೊಂಡು ಹೆಸರು ಹೇಳುವವಳು ಜ್ಞಾನತಾಯಿ, ಅಂದರೆ ಕಿಟ್ಟಿ.

ಮೊದಲ ಹೆಣ್ಣುಮಗುವಿಗೆ ತಾಯಿಯ ತಾಯಿಯ ಹೆಸರು. ಅದರಲ್ಲಿ ತಕರಾರಿಲ್ಲ. ನೋರೀನಳ ಅವ್ವ ಗೊಬ್ನಿಟ್; ಈ ನೆಲದ ಹಳೇ ಭಾಷೆಯ ಹೆಸರು. ಆದರೆ ಇಂಗ್ಲಿಷ್ ಬರೆಯುವವರ ನಾಲಿಗೆಗೆ ಆ ಹೆಸರು ಹೊರಳುವುದಿಲ್ಲ. ಯಾವನೋ ಗುಮಾಸ್ತ ಯಾವತ್ತೋ ಗೊಬ್ನಿಟ್ ಅಂದರೆ ಅಬಿಗೇಲ್ ಎಂದು ತೀರ್ಮಾನಿಸಿದ. ಎರಡಕ್ಕೂ ಏನು ನಂಟು ಎಂದು ಅವನನ್ನು ಯಾರೂ ಕೇಳಲಿಲ್ಲ. ಅವತ್ತಿನಿಂದ ಶಾಲೆಯ ಹಾಜರಿಯಲ್ಲಿ, ಮದುವೆಯ ದಾಖಲೆಯಲ್ಲಿ ಈ ಸೀಮೆಯ ಗೊಬ್ನಿಟ್‌ಗಳೆಲ್ಲ ಅಬಿಗೇಲ್‌ಗಳಾದರು.

ಎರಡು ವರ್ಷದ ಹಿಂದೆ ಅವ್ವ ಸತ್ತಾಗ ಪತ್ರಿಕೆಯಲ್ಲೂ ಹಾಗೇ ಬಂತು: ಅಬಿಗೇಲ್ ಟೂಮಿ ನಿಧನ. ಮಣ್ಣು ಮಾಡಿ ಮೂರು ವಾರವಾದ ಮೇಲೆ ಬೆಟ್ಟದಾಚೆಯಿಂದ ಪೆಗ್ ಮುದುಕಿ ಅವ್ವನ ಮನೆಗೆ ಬಂದಳು. ಅವ್ವನ ಜೊತೆ ಬರಿಗಾಲಲ್ಲಿ ಶಾಲೆಗೆ ಹೋದವಳು. ಬುಟ್ಟಿ ತುಂಬ ಬಾತುಕೋಳಿ ಮೊಟ್ಟೆ ತಂದಿದ್ದಳು. "ಎಲ್ಲೇ ಗೊಬ್ನಿಟ್? ಸೋಮಾರಿ, ಇನ್ನೂ ಎದ್ದಿಲ್ವಾ?" ವಿಷಯ ತಿಳಿದಾಗ ಬಾಗಿಲಲ್ಲೇ ಕುಸಿದು ಕೂತಳು. "ಪೇಪರಲ್ಲಿ ಓದಿದ್ದೆ ಕಣೇ. ಯಾರೋ ಅಬಿಗೇಲಂತೆ, ಪಾಪ ಅಂತ ಒಂದು ನಮೋಮರಿಯ ಪ್ರಾರ್ಥನೆ ಹೇಳಿ ಪೇಪರ್ ಒಲೆಗೆ ಹಾಕ್ದೆ."

ಆ ಮುಖ ನೋರೀನ್ ಮರೆತಿರಲಿಲ್ಲ.

ಎದ್ದಳು. ಕಣ್ಣು ಕತ್ತಲೆ ಬಂತು. ಗಂಡನ ಬೂಟಿಗೇ ಕಾಲು ತೂರಿಸಿದಳು, ಶಾಲು ಹೊದ್ದಳು. ಗಾಡಿ ದಾರಿ ಸುತ್ತು; ಹೊಲದ ಕಲ್ಲುಗೋಡೆ ಹತ್ತಿ ಇಳಿದರೆ ಹತ್ತಿರ. ಹತ್ತುವಾಗ ಕೆಳಗೆಲ್ಲ ಹರಿದಂತಾಯಿತು. ಹಲ್ಲು ಕಚ್ಚಿಕೊಂಡು ಹತ್ತಿದಳು.

ಚರ್ಚಿನ ಬಾಗಿಲಲ್ಲಿ ಫಾದರ್ ಕ್ರೆಮಿನ್ ನೇರಳೆ ವಸ್ತ್ರ ಹಾಕಿಕೊಂಡು ನಿಂತಿದ್ದರು. ಕಿಟ್ಟಿಯ ತೋಳಲ್ಲಿ ಮಗು. ಪಕ್ಕದಲ್ಲಿ ಹಾನಾ, ಹಿಂದೆ ಟೋಪಿ ತಿರುಚುತ್ತ ನೋರೀನಳ ಗಂಡ ಡೋನಲ್.

"ಮಗುವಿಗೆ ಏನು ಹೆಸರು?"

"ಗೊಬ್ನಿಟ್!"

ಎಲ್ಲರೂ ತಿರುಗಿದರು. ನೋರೀನ್ ಕಂಬ ಹಿಡಿದು ಏದುಸಿರು ಬಿಡುತ್ತಿದ್ದಳು.

"ಅಯ್ಯೋ ನಿನ್ನ! ಹಸಿ ಬಾಣಂತಿ, ಮಾನ ಮರ್ಯಾದೆ ಇಲ್ವಾ?" ಹಾನಾ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು.

"ಇಲ್ಲಿಗೆ ಬರೋ ಹಾಗಿಲ್ಲ ಅಂತ ಗೊತ್ತಿಲ್ವೇನಮ್ಮ?" ಎಂದರು ಫಾದರ್.

"ಒಳಗೆ ಬರೋ ಹಾಗಿಲ್ಲ ಫಾದರ್. ನಾನೆಲ್ಲಿ ಬಂದಿದೀನಿ? ಹೊಸ್ತಿಲಾಚೆ ನಿಂತಿದೀನಿ. ಹೆಸರು ಕೇಳೋದೂ ಹೊಸ್ತಿಲಲ್ಲೇ ತಾನೆ?"

ಡೋನಲ್ ಕೆಮ್ಮಿದ. ನಗು ನುಂಗಿದನೋ ಏನೋ.

"ಅಬಿಗೇಲ್ ಅಂದ್ರೂ ಅದೇ ಹೆಸರು ಕಣಮ್ಮ. ಇಂಗ್ಲಿಷಲ್ಲಿ ಅಷ್ಟೆ," ಎಂದರು ಫಾದರ್.

"ಒಳಗೆ ಎಡಗಡೆ ಗೋಡೇಲಿ ಕಾಲ ಹತ್ರ ಜೇನುಹುಳ ಇಟ್ಕೊಂಡು ಒಬ್ಬಳು ನಿಂತಿದಾಳಲ್ಲ, ಅವಳನ್ನ ಏನಂತ ಕರೀತೀರಿ? ಸಂತ ಗೊಬ್ನಿಟ್ ಅಂತ ತಾನೆ? ಸಂತ ಅಬಿಗೇಲ್ ಅಂತ ಬೇಡ್ಕೊಂಡಿದೀರಾ ಯಾವತ್ತಾದ್ರೂ?"

ಫಾದರ್ ಮುಖ ಕೆಂಪಾಯಿತು. "ಹೆಸರು ಹೇಳಬೇಕಾದವಳು ಜ್ಞಾನತಾಯಿ. ನೀನಲ್ಲ." ಕಿಟ್ಟಿಯ ಕಡೆ ತಿರುಗಿದರು. "ಹೇಳು. ಏನು ಹೆಸರು?"

ಕಿಟ್ಟಿ ಅಮ್ಮನ ಮುಖ ನೋಡಿದಳು. ಹಾನಾಳ ಕಣ್ಣು ಕೆಂಡ. ಅತ್ತಿಗೆಯ ಕಡೆ ನೋಡಿದಳು. ನೋರೀನ್ ಅಂಗಲಾಚಲಿಲ್ಲ.

"ಪೆಗ್ ಬಂದ ದಿನ ನೀನೂ ನನ್ನ ಜೊತೆ ಅವ್ವನ ಮನೇಲಿದ್ದೆ ಕಿಟ್ಟಿ," ಎಂದಳು. "ಮೊಟ್ಟೆ ಬುಟ್ಟಿ ಇಳಿಸ್ಕೊಂಡವಳು ನೀನೇ."

ಕಿಟ್ಟಿ ಮಗುವನ್ನು ಎದೆಗೆ ಒತ್ತಿಕೊಂಡಳು.

"ಗೊಬ್ನಿಟ್, ಫಾದರ್."

"ಹಾಳಾಗ್ಹೋಗು!" ಎಂದಳು ಹಾನಾ.

ಅವರು ಒಳಗೆ ಹೋದರು. ನೋರೀನ್ ಮೆಟ್ಟಿಲ ಮೇಲೆ ಕೂತಳು. ನೀರು ಬಿದ್ದಾಗ ಮಗು ಚರ್ಚು ಹಾರಿಹೋಗುವಂತೆ ಅರಚಿತು. ಎಲ್ಲರೂ ಹೊರಗೆ ಬಂದರೂ ಅವಳು ಏಳಲಿಲ್ಲ.

"ಹೆಸರು ಬರೆಯೋ ಪುಸ್ತಕ ತನ್ನಿ ಫಾದರ್. ನಾನು ಒಳಗೆ ಬರೋ ಹಾಗಿಲ್ಲವಲ್ಲ."

"ನನ್ನ ಮೇಲೆ ನಂಬಿಕೆ ಇಲ್ವಾ?"

"ನಿಮ್ಮ ಮೇಲಿದೆ. ಪೆನ್ನಿನ ಮೇಲಿಲ್ಲ."

 ಫಾದರ್ ಒಳಗೆ ಹೋಗಿ ದಪ್ಪ ಪುಸ್ತಕ ತಂದು, ಹೊಸ್ತಿಲ ಮೇಲೆ ಮಂಡಿಯೂರಿ, ಅವಳ ಕಣ್ಣೆದುರಿಗೇ ಬರೆದರು. ನೋರೀನ್ ಒಂದೊಂದೇ ಅಕ್ಷರ ಬೆರಳಿಟ್ಟು ಓದಿದಳು. ಶಾಯಿ ಬೆರಳಿಗೆ ಹತ್ತಿತು. ಒರೆಸಿಕೊಳ್ಳಲಿಲ್ಲ.

ಗಾಡಿ ಸೇತುವೆ ದಾಟಿದ ಮೇಲೆ ಹಾನಾ ಉರಿದುಬಿದ್ದಳು.

"ಕಾರ್ಕ್ ಪಟ್ಟಣದಲ್ಲಿ ಗೊಬ್ ಅಂದ್ರೆ ಬಾಯಿ ಕಣೇ! ಹುಡುಗರೆಲ್ಲ ಬಾಯಿ, ಬಾಯಿ ಅಂತ ಹಿಂದೆ ಬೀಳ್ತಾರೆ. ಬಾಯಿಬಡಕಿ ಅಂತಾರೆ ನಿನ್ನ ಮಗಳನ್ನ!"

ಮಗು ಮತ್ತೆ ಅರಚತೊಡಗಿತ್ತು. ನೋರೀನ್ ಕಿಟ್ಟಿಯ ಕೈಯಿಂದ ಅದನ್ನು ತೆಗೆದುಕೊಂಡಳು.

"ಅನ್ಲಿ ಅತ್ತೆ. ಬಾಯಿ ಇರ್ಲಿ ಅಂತಾನೇ ಇಟ್ಟಿದ್ದು."