ಹೂವಪ್ಪನ ವ್ಯಾನಿನ ಬ್ರೇಕು

ಶಿವಮೊಗ್ಗದ ಸವಳಂಗ ರಸ್ತೆಯ ಮೇಲ್ಸೇತುವೆ ಇಳಿಯುವಾಗ ವೇದಾವತಿ ಬ್ರೇಕ್ ಒತ್ತಿದಳು. ವ್ಯಾನಿನ ವೇಗ ತಗ್ಗಿತು, ಆದರೆ ಅದು ನಿಲ್ಲಲಿಲ್ಲ. ಸೀಟಿನಿಂದ ಅರ್ಧ ಎದ್ದು, ಮೈಭಾರವನ್ನೆಲ್ಲ ಕಾಲಿಗೆ ಹಾಕಿ ಒತ್ತಿದಳು. ಕೆಳಗೆ ರಸ್ತೆಯ ಅಂಚಿನಲ್ಲಿ ಹೆಂಗಸೊಬ್ಬಳು ಸ್ಕೂಟರ್ ನಿಲ್ಲಿಸಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದಳು. ಹಾರ್ನ್ ಕೇಳಿ ಅವಳು ಪಕ್ಕಕ್ಕೆ ಹಾರಿದಳು, ವ್ಯಾನು ತಾಗಿ ಸ್ಕೂಟರ್ ಉರುಳಿತು, ಆಮೇಲೆ ವ್ಯಾನು ನಿಂತಿತು.

ಜನ ಸೇರಿದರು. ಲೈಸೆನ್ಸ್ ಇದೆಯಾ ಎಂದು ಒಬ್ಬ ಕೇಳಿದ. ಸ್ಕೂಟರಿನ ಹೆಂಗಸು ಬೈಯಲೆಂದೇ ಬಂದವಳು, ವ್ಯಾನಿನೊಳಗೆ ಹಾಸಿಗೆಯ ಮೇಲೆ ಬೆಲ್ಟು ಬಿಗಿಸಿಕೊಂಡು ಮಲಗಿದ್ದ ವೇದಾವತಿಯ ಗಂಡ ಹೂವಪ್ಪನನ್ನು ಕಂಡು, ಹಿಂತಿರುಗಿ ಸ್ಕೂಟರ್ ಎತ್ತಲು ಹೋದಳು. ಹೂವಪ್ಪ ಎಡಗೈಯಿಂದ ವ್ಯಾನಿನ ಗೋಡೆ ಬಡಿಯುತ್ತ ಹೇಳುತ್ತಿದ್ದ:

"ಬೇಡ. ಬೇಡ. ಬೇಡ."

ಲಕ್ವ ಹೊಡೆದ ಮೇಲೆ ಅವನ ಬಾಯಲ್ಲಿ ಉಳಿದಿದ್ದ ಮಾತು ಅದೊಂದೇ. ಅನ್ನ ಬೇಕಾದರೂ ಬೇಡ, ಸಾಕಾದರೂ ಬೇಡ. ಹೆಂಡತಿ ಶಾಲೆಯಿಂದ ಮನೆಗೆ ಬಂದಾಗ ಖುಷಿಯಿಂದ ಕಣ್ಣರಳಿಸಿ ಅನ್ನುವುದೂ ಬೇಡ. ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಫಿಟ್ಟರ್ ಆಗಿದ್ದವನು ಹೂವಪ್ಪ. ಕಾರ್ಖಾನೆ ನಿಂತ ಮೇಲೆ ಶಾಲೆಯೊಂದು ಮಾರಿದ ಹಳೆಯ ವ್ಯಾನನ್ನು ಮನೆಗೆ ತಂದ. ಎರಡು ವರ್ಷ ಅದರೊಳಗೇ ಕೂತು ಮಂಚ, ಕಪಾಟು, ನೀರಿನ ಟ್ಯಾಂಕು, ಮಡಚಿಡುವ ಒಲೆಕಟ್ಟೆ, ಎಲ್ಲವನ್ನೂ ತಾನೇ ಕೂಡಿಸಿದ. ವೇದಾವತಿ ಕಾಗದನಗರದ ಹತ್ತಿರದ ಶಾಲೆಯೊಂದರಲ್ಲಿ ಟೀಚರು. ಬೇಸಿಗೆ ರಜೆ ಬಂತೆಂದರೆ ಇಬ್ಬರೂ ಹೊರಟುಬಿಡುತ್ತಿದ್ದರು. ಕಾರವಾರದಲ್ಲಿ ಸಮುದ್ರಕ್ಕೆ ಬೆನ್ನುಮಾಡಿ ವ್ಯಾನು ನಿಲ್ಲಿಸಿ ಒಂಬತ್ತು ದಿನ ಇದ್ದರು. ಓಡಿಸುವುದನ್ನು ಅವಳಿಗೆ ಕಲಿಸಿದವನೂ ಅವನೇ.

ದೀಪಾವಳಿ ಕಳೆದ ವಾರ ಒಂದು ಬೆಳಗ್ಗೆ ಅವನು ಬಚ್ಚಲಲ್ಲಿ ಬಿದ್ದ. ಬಲಗೈ, ಬಲಗಾಲು, ಮಾತು ಮೂರೂ ಒಂದೇ ಸಲ ಹೋದವು. ಶಿವಮೊಗ್ಗದಲ್ಲಿ ಮಾತಿನ ತರಬೇತಿ ಕೊಡುವ ಸುಶ್ಮಿತಾ ಎಂಬ ಹುಡುಗಿ, ವಾರಕ್ಕೆ ಮೂರು ದಿನ ತಪ್ಪದೆ ಕರೆದುಕೊಂಡು ಬನ್ನಿ, ಮೊದಲ ಆರು ತಿಂಗಳಲ್ಲಿ ಬಂದಷ್ಟು ಆಮೇಲೆ ಬರುವುದು ಕಷ್ಟ ಎಂದಿದ್ದಳು. ಎಷ್ಟೋ ಜನರಿಗೆ ಒಳಗೆ ಎಲ್ಲ ಗೊತ್ತಿರುತ್ತದೆ, ಹೊರಗೆ ಬರುವ ದಾರಿ ಮಾತ್ರ ಮುಚ್ಚಿರುತ್ತದೆ ಎಂದೂ ಹೇಳಿದ್ದಳು. ವೇದಾವತಿ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಒಮ್ಮೆ ಆಟೋದಲ್ಲಿ ಹೋಗಿ ನೋಡಿದ್ದರು. ಮೊದಲ ಹಂಪಿನಲ್ಲೇ ಹೂವಪ್ಪ ಬಲಕ್ಕೆ ವಾಲಿದ, ಹಿಡಿದುಕೊಳ್ಳಲು ಆ ಕಡೆಯ ಕೈಗೆ ಬಲವಿಲ್ಲದೆ ತಲೆ ಕಂಬಿಗೆ ಬಡಿಯಿತು. ಮಲಗಿಕೊಂಡು ಹೋಗಲು ಇದ್ದದ್ದು ಅವನ ವ್ಯಾನು ಒಂದೇ. ಅದು ನಿಂತಲ್ಲೇ ನಿಂತು ಎರಡು ತಿಂಗಳಾಗಿತ್ತು. ಸವಳಂಗ ರಸ್ತೆಯ ಯುವರಾಜ್ ಎಂಬ ಮೆಕ್ಯಾನಿಕ್ ಬಂದು ತೆಗೆದುಕೊಂಡು ಹೋಗಿ, ಬ್ಯಾಟರಿ ಬದಲಾಯಿಸಿ, ಹಿಂದಿನ ಚಕ್ರಗಳ ಮೇಲೆ ಮುರಿದಿದ್ದ ಸ್ಪ್ರಿಂಗ್ ಪ್ಲೇಟು ತೆಗೆದು ಹೊಸದು ಹಾಕಿ, ಓಡುವಂತೆ ಮಾಡಿ ಕೊಟ್ಟಿದ್ದ. ಸ್ಕೂಟರಿಗೆ ತಾಗಿದ್ದು ಆಮೇಲಿನ ಎರಡನೆಯ ವಾರ.

ಅವತ್ತೇ ವ್ಯಾನನ್ನು ಯುವರಾಜನ ಗ್ಯಾರೇಜಿಗೆ ಬಿಟ್ಟಳು. ಅವನು ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಿ, ಪೈಪಿನೊಳಗಿನ ಗಾಳಿ ತೆಗೆದು ಕೊಟ್ಟ. ಮುಂದಿನ ಸಲ ದಾರಿಯ ಮಾಚೇನಹಳ್ಳಿಯ ಹತ್ತಿರ ಬಸ್ಸಿನ ಹಿಂದೆ ಮತ್ತೆ ಅದೇ ಆಯಿತು. ವ್ಯಾನನ್ನು ಮಣ್ಣಿಗೆ ಇಳಿಸಿ ಪಾರಾದಳು. ಎರಡನೆಯ ಸಲ ಅವನು ನಾಲ್ಕು ಚಕ್ರವನ್ನೂ ಬಿಚ್ಚಿ ಒಳಗಿನ ಸವೆದ ಸಾಮಾನೆಲ್ಲ ಹೊಸದು ಹಾಕಿದ. ಮೂರನೆಯ ಸಲ ಪೆಡಲಿಗೆ ಬಲ ಕೊಡುವ ಬೂಸ್ಟರನ್ನೇ ಬದಲಾಯಿಸಿದ. ಒಂದೊಂದಕ್ಕೂ ಮೂರು ದಿನ, ನಾಲ್ಕು ದಿನ. ಅಷ್ಟು ದಿನ ತರಬೇತಿಯಿಲ್ಲ. ಮನೆಯಲ್ಲಿ ವೇದಾವತಿಯೇ ಚಿತ್ರದ ಕಾರ್ಡು ಹಿಡಿದು ಲೋಟ, ಬಾಗಿಲು, ಹಸು ಎಂದು ಹೇಳಿಕೊಡುತ್ತಿದ್ದಳು. ಹೂವಪ್ಪ ಅವಳ ತುಟಿಯನ್ನೇ ನೋಡುತ್ತ, ಬೆವರು ಒಡೆಯುವಷ್ಟು ಕಷ್ಟಪಟ್ಟು, ಬೇಡ ಅನ್ನುತ್ತಿದ್ದ.

ಮೂರನೆಯ ರಿಪೇರಿಯಿಂದಲೂ ಸರಿಹೋಗದಿದ್ದಾಗ ಯುವರಾಜ್ ಕೈ ಒರೆಸಿಕೊಳ್ಳುತ್ತ ಅವಳೆದುರು ನಿಂತ.

"ಅಕ್ಕ, ಪೆಡ್ಲು ಗಟ್ಟಿಯಾಗೇ ಇದೆ. ಆಯಿಲ್ ಎಲ್ಲೂ ಸೋರ್ತಿಲ್ಲ. ಜಾಕ್ ಹಾಕಿ ಎತ್ತಿದ್ರೆ ನಾಲ್ಕೂ ಚಕ್ರ ಹಿಡ್ಕೊಳ್ತವೆ. ರೋಡಿಗೆ ಇಳಿಸಿದ್ರೆ ನಿಲ್ಲಲ್ಲ. ಇನ್ನೇನು ನೋಡ್ಲಿ, ನೀವೇ ಹೇಳಿ."

ಹೇಳಬಲ್ಲವನು ಹತ್ತು ಅಡಿ ದೂರದಲ್ಲಿ, ವ್ಯಾನಿನ ತೆರೆದ ಬಾಗಿಲಿನಿಂದ ಇವರಿಬ್ಬರನ್ನೂ ನೋಡುತ್ತ ಮಲಗಿದ್ದ. ಎಡಗೈಯನ್ನು ಎತ್ತಿ ಹಿಂದಕ್ಕೆ, ಹಿಂದಕ್ಕೆ ಬೀಸುತ್ತಿದ್ದ. ಮನೆಗೆ ಹೋಗೋಣ ಅನ್ನುತ್ತಿದ್ದಾನೆಂದು ವೇದಾವತಿ ತಿಳಿದಳು. ವ್ಯಾನನ್ನು ಗ್ಯಾರೇಜಿನಲ್ಲೇ ಬಿಟ್ಟು, ಪರಿಚಯದವರ ಕಾರಿನ ಹಿಂದಿನ ಸೀಟಿನಲ್ಲಿ ಅವನನ್ನು ಹೇಗೋ ಮಲಗಿಸಿಕೊಂಡು ಊರಿಗೆ ಮರಳಿದಳು.

ಐದು ದಿನ ಕಳೆದು ಯುವರಾಜನ ಫೋನ್ ಬಂತು. ಬೇರೆ ಯಾರದೋ ಅದೇ ಮಾದರಿಯ ವ್ಯಾನೊಂದು ರಿಪೇರಿಗೆ ಬಂದು, ಹೂವಪ್ಪನ ವ್ಯಾನಿನ ಪಕ್ಕದಲ್ಲೇ ನಿಂತಿತ್ತಂತೆ. ಅದಕ್ಕಿಂತ ಇದರ ಹಿಂಭಾಗ ನಾಲ್ಕು ಬೆರಳು ಎತ್ತರ ಇರುವುದು ಅವನ ಕಣ್ಣಿಗೆ ಬಿತ್ತು. ಒಳಗೆ ಹೇರಿದ್ದ ಭಾರಕ್ಕೆಂದು ಹೂವಪ್ಪ ಹಿಂದಿನ ಸ್ಪ್ರಿಂಗಿಗೆ ಎರಡು ಪ್ಲೇಟು ಹೆಚ್ಚಿಗೆ ಕೂರಿಸಿದ್ದ. ಹಿಂಭಾಗ ಎಷ್ಟು ತಗ್ಗಿದೆ ಎಂಬುದರಿಂದ ಭಾರ ಅಳೆದು ಹಿಂದಿನ ಚಕ್ರಗಳಿಗೆ ಅಷ್ಟೇ ಬ್ರೇಕು ಬಿಡುವ ಒಂದು ವಾಲ್ವ್ ಅಡಿಯಲ್ಲಿರುತ್ತದೆ. ಗಾಡಿ ಎತ್ತರಕ್ಕೆ ನಿಂತರೆ ಆ ವಾಲ್ವಿನ ಲೆಕ್ಕಕ್ಕೆ ಗಾಡಿ ಖಾಲಿ. ಭಾರವೆಲ್ಲ ಹಿಂದಿದ್ದರೂ ಅದು ಹಿಂದಿನ ಬ್ರೇಕನ್ನು ಕಡಿಮೆ ಮಾಡಿಬಿಡುತ್ತದೆ.

ಗ್ಯಾರೇಜಿನಲ್ಲಿ ಗಂಡ ಕೈಯನ್ನು ಹಿಂದಕ್ಕೆ, ಹಿಂದಕ್ಕೆ ಬೀಸಿದ್ದು ವೇದಾವತಿಗೆ ನೆನಪಾಗುವಷ್ಟರಲ್ಲಿ ಯುವರಾಜ್ ಮುಂದುವರಿಸಿದ.

"ತಪ್ಪು ನಂದೇ ಅಕ್ಕ. ಪ್ಲೇಟು ಬದಲಾಯಿಸೋವಾಗ ವಾಲ್ವಿಗೆ ಒಂದು ಕಡ್ಡಿ ಇತ್ತು, ಕೈಯಲ್ಲಿ ಮಾಡಿದ್ದು. ಹೆಚ್ಚಾದ ಎತ್ತರಕ್ಕೆ ತಕ್ಕ ಹಾಗೆ ಅಳತೆ ನೋಡಿ ಅಣ್ಣನೇ ಮಾಡಿ ಹಾಕಿದ್ದು ಅನ್ಸುತ್ತೆ. ಯಾರೋ ಏನೋ ಬೆಸುಗೆ ಹಾಕಿದಾರೆ ಅಂತ ನಾನು ಅದನ್ನ ಕಿತ್ತು, ಕಂಪನಿ ಕಡ್ಡಿ ಹಾಕ್ದೆ."

"ಆ ಕಡ್ಡಿ ಎಲ್ಲಿದೆ?"

"ಗುಜರಿಗೆ ಹೋಯ್ತು."

ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ತ್ರಾಣ ಬೇಕು. ಅವನು ಗುಜರಿ ಅಂಗಡಿಗೆ ಹೋಗಿ ಅರ್ಧ ದಿನ ಕಬ್ಬಿಣದ ರಾಶಿ ಕೆದಕಿ ಬಂದಿದ್ದ, ಸಿಕ್ಕಿರಲಿಲ್ಲ. ಹೊಸದನ್ನು ಮಾಡಬಹುದು, ಆದರೆ ಉದ್ದ ಎಷ್ಟು? ತಪ್ಪಿ ಬ್ರೇಕು ಹೆಚ್ಚಾಗಿಬಿಟ್ಟರೆ ಹಿಂದಿನ ಚಕ್ರ ಮೊದಲು ಕಚ್ಚಿಕೊಂಡು ಗಾಡಿ ರಸ್ತೆಯಲ್ಲೇ ತಿರುಗಿಬಿಡುತ್ತದೆ ಎಂದ.

ಭಾನುವಾರ ಅವನು ಭದ್ರಾವತಿಯ ಮನೆಗೇ ಬಂದ. ಉದ್ದ ಹೆಚ್ಚು ಕಡಿಮೆ ಮಾಡಲು ಬರುವಂತೆ ನಡುವೆ ತಿರುಪು ಕೊರೆಸಿ ನಟ್ಟು ಕೂರಿಸಿದ ಕಡ್ಡಿಯೊಂದನ್ನು ತಂದಿದ್ದ. ಕುರ್ಚಿಯಲ್ಲಿ ದಿಂಬು ಒತ್ತಿ ಕೂರಿಸಿದ್ದ ಹೂವಪ್ಪನ ಮುಂದೆ ಮಂಡಿಯೂರಿ, ನಡೆದದ್ದನ್ನೆಲ್ಲ ಹೇಳಿ, ತಪ್ಪಾಯಿತು ಅಂದ. ಹೂವಪ್ಪನ ಕಣ್ಣು ಕಡ್ಡಿಯ ಮೇಲೇ ಇತ್ತು. ಅದನ್ನು ಕಂಡದ್ದೇ ಅವನ ಮುಖ ಬೆಳಗಿತು. ಎಡಗೈ ಚಾಚಿ ತೆಗೆದುಕೊಂಡ.

"ರೀ, ಎಷ್ಟುದ್ದ ಇಟ್ಟಿದ್ರಿ ತೋರಿಸಿ," ವೇದಾವತಿ ಕೇಳಿದಳು. "ಬಾಯಲ್ಲಿ ಹೇಳೋದು ಬೇಡ. ತಿರುಗಿಸಿ ತೋರಿಸಿದ್ರೆ ಸಾಕು."

ಅವನು ಕಡ್ಡಿಯನ್ನು ತೊಡೆಗೆ ಒತ್ತಿ ಹಿಡಿದು ಎಡಗೈ ಹೆಬ್ಬೆರಳಿನಿಂದ ನಟ್ಟು ತಿರುಗಿಸಿದ. ನಿಧಾನವಾಗಿ, ನಾಲಿಗೆ ಕಚ್ಚಿಕೊಂಡು, ಕೆಲಸದ ಹೊತ್ತಿನ ಹಳೆಯ ಹೂವಪ್ಪನ ಹಾಗೆ. ನಿಲ್ಲಿಸಿದ. ಯುವರಾಜ್ ಅಳೆದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದುಕೊಂಡ. ಆಮೇಲೆ, ಖಾತ್ರಿಗಾಗಿ ಇನ್ನೊಂದು ಸಲ ತೋರಿಸಣ್ಣ ಎಂದು ನಟ್ಟನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಕೊಟ್ಟ. ಹೂವಪ್ಪ ಮತ್ತೆ ತಿರುಗಿಸಿದ. ಈ ಸಲ ಎರಡು ಇಂಚು ಬೇರೆ ಬಂತು. ಮೂರನೆಯ ಸಲ ಇನ್ನೂ ಬೇರೆ. ನಾಲ್ಕನೆಯ ಸಲ ಅವನ ಹೆಬ್ಬೆರಳು ನಟ್ಟಿನ ಮೇಲೆ ನಿಂತೇಬಿಟ್ಟಿತು. ಕಡ್ಡಿಯನ್ನು ಹಿಂದೆ ಮುಂದೆ ಹೊರಳಿಸಿ ನೋಡಿದ, ಅದು ಏನೆಂದು ನೆನಪು ಮಾಡಿಕೊಳ್ಳುವವನಂತೆ. ಆಮೇಲೆ ಅದು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಬೇಡ, ಬೇಡ ಅನ್ನುತ್ತ ಅವನು ಅಳಲು ಶುರುಮಾಡಿದ.

ಯುವರಾಜ್ ಎದ್ದು ಅಂಗಳಕ್ಕೆ ಹೋದ. ವೇದಾವತಿ ಗಂಡನ ಮೂಗು, ಕಣ್ಣು ಒರೆಸಿದಳು. ಇಷ್ಟು ತಿಂಗಳು ಅವಳು ಅವನೊಳಗೆ ಎಲ್ಲ ಇದ್ದ ಹಾಗೇ ಇದೆ, ಬಾಗಿಲು ಮಾತ್ರ ಮುಚ್ಚಿದೆ ಎಂದುಕೊಂಡಿದ್ದಳು. ಅವನಿಗೇ ಗೊತ್ತಿಲ್ಲದಿದ್ದರೆ? ಸುಶ್ಮಿತಾಳನ್ನು ಕೇಳಲು ಭಯವಾಯಿತು.

ಬುಧವಾರ ಅರ್ಧ ದಿನ ರಜೆ ಹಾಕಿ, ಗಂಡನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಯುವರಾಜನ ಜೊತೆ ಸೋಗಾನೆಯ ಕಡೆಗೆ ಹೋದಳು. ವಿಮಾನ ನಿಲ್ದಾಣದ ಹತ್ತಿರ ಅಗಲವಾದ, ಖಾಲಿ ರಸ್ತೆ. ಹೂವಪ್ಪ ಮಲಗುವ ಜಾಗದಲ್ಲಿ ಎರಡು ಮರಳಿನ ಚೀಲ ಹಾಕಿದ್ದರು. ಯುವರಾಜ್ ಓಡಿಸುವನು, ಗಕ್ಕನೆ ಬ್ರೇಕ್ ಹಾಕುವನು, ಇಳಿದು ಅಡಿಗೆ ಹೋಗಿ ಕಡ್ಡಿಯನ್ನು ಎರಡು ಸುತ್ತು ತಿರುಗಿಸುವನು, ಮತ್ತೆ ಓಡಿಸುವನು. ಆರನೆಯ ಸಲವೋ ಏಳನೆಯ ಸಲವೋ ಹಿಂದಿನ ಚಕ್ರಗಳು ಕಿರುಚಿ ವ್ಯಾನು ಅಡ್ಡಡ್ಡಕ್ಕೆ ಜಾರಿತು. ಕಪಾಟಿನ ಬಾಗಿಲು ತೆರೆದು ತಟ್ಟೆಗಳು ಬಿದ್ದವು. ಅವನು ಕೆಳಗಿಳಿದು ಒಂದಿಷ್ಟು ಸಡಿಲಿಸಿದ. ಸಂಜೆಯ ಹೊತ್ತಿಗೆ ವ್ಯಾನು ನೆಟ್ಟಗೆ ನಿಲ್ಲತೊಡಗಿತು.

"ನನ್ನ ಕೈಲಾಗೋದು ಇಷ್ಟು ಅಕ್ಕ," ಅಂದ. "ಅಣ್ಣ ಇಟ್ಟಿದ್ದ ಲೆಕ್ಕ ಇದೇನಾ ಅಂತ ಕೇಳಿದ್ರೆ ನನಗೆ ಗೊತ್ತಿಲ್ಲ. ನಿಧಾನ ಹೋಗಿ."

ಶುಕ್ರವಾರ ಬೆಳಗ್ಗೆ ಹೂವಪ್ಪನನ್ನು ಮಲಗಿಸಿ, ಬೆಲ್ಟು ಬಿಗಿದು, ವೇದಾವತಿ ಹೊರಟಳು. ಸ್ಪೀಡು ಮೂವತ್ತು ದಾಟಲಿಲ್ಲ. ಹಿಂದಿನವರು ಹಾರ್ನ್ ಹೊಡೆದು, ತಿರುಗಿ ನೋಡಿ ಬೈದು ಮುಂದೆ ಹೋದರು. ಮಾಚೇನಹಳ್ಳಿ ಸಮೀಪ, ಕೆಲಸಕ್ಕೆ ಹೊರಟಿದ್ದ ಮೂವರು ಹೆಂಗಸರು ಬುತ್ತಿಚೀಲ ಹಿಡಿದು ರಸ್ತೆ ದಾಟಿದರು. ಅವಳು ಬ್ರೇಕ್ ಒತ್ತಿದಳು. ವ್ಯಾನು ನಿಂತಿತು. ಹೆಂಗಸರಿಂದ ಇನ್ನೂ ಎರಡು ಮಾರು ದೂರದಲ್ಲೇ, ನೆಟ್ಟಗೆ ನಿಂತಿತು. ಅವರು ಇತ್ತ ನೋಡಲೂ ಇಲ್ಲ.

ಹೆಂಗಸರು ದಾಟಿಯಾದ ಮೇಲೂ ವೇದಾವತಿಗೆ ಪೆಡಲಿನಿಂದ ಕಾಲು ತೆಗೆಯಲಾಗಲಿಲ್ಲ. ಈ ಸಲ ಬ್ರೇಕು ಹಿಡಿದಿತ್ತು, ಆದರೆ ಇನ್ನೊಂದು ಸಲವೂ ಹಿಡಿಯುತ್ತದೆಂಬ ನಂಬಿಕೆ ಅವಳಿಗೆ ಬರಲಿಲ್ಲ. ಹಿಂದೆ ಲಾರಿಯೊಂದು ಬಿಡದೆ ಹಾರ್ನ್ ಹೊಡೆಯಿತು. ಅವಳು ಹೇಗೋ ವ್ಯಾನನ್ನು ಪಕ್ಕದ ಹೊಂಗೆಮರದ ಅಡಿಗೆ ತಂದು ಇಂಜಿನ್ ಆಫ್ ಮಾಡಿದಳು. ಹತ್ತು ನಿಮಿಷ ಕೂತು ಮತ್ತೆ ಕೀಲಿ ತಿರುಗಿಸಲು ಹೋದಳು, ಕೈ ಏಳಲಿಲ್ಲ.

ಸುಶ್ಮಿತಾಳಿಗೆ ಫೋನ್ ಮಾಡಿ ಇವತ್ತು ಬರಲಾಗುವುದಿಲ್ಲ ಎಂದು ಹೇಳಿದಳು. ಸೋಮವಾರ ಬರುತ್ತೀರಾ ಎಂದು ಅವಳು ಕೇಳಿದಳು. ವೇದಾವತಿ ಗೊತ್ತಿಲ್ಲ ಅಂದಳು. ಆಮೇಲೆ ಹಿಂದಕ್ಕೆ ಹೋಗಿ, ಬೆಲ್ಟು ಸಡಿಲಿಸಿ, ಗಂಡನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಬಾಗಿಲು ತೆರೆದಿಟ್ಟಳು. ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ಶಿವಮೊಗ್ಗದ ಕಡೆ ಹೋಗುವ ಬಸ್ಸುಗಳನ್ನು ನೋಡುತ್ತಿದ್ದರು. ಬಿಸಿಲು ಏರುತ್ತಿತ್ತು.